ದೋಣಿಯ ಬೆವರು ಮತ್ತು ನಮ್ಮ ಮಾವನವರು

ನಮ್ಮ ಮಾವನವರು ಯಾವುದನ್ನೂ ತಟ್ಟಿ ನೋಡದೆ ನಂಬುತ್ತಿರಲಿಲ್ಲ. ಕಲ್ಲಂಗಡಿಯನ್ನು ಎಲ್ಲರೂ ತಟ್ಟುತ್ತಾರೆ. ಇವರು ಹೊಸ ಕಪಾಟಿನ ಬಾಗಿಲು, ಬಸ್ಸಿನ ಸೀಟಿನ ಹಿಂಬದಿ, ನಾನು ಮಾಡಿಟ್ಟ ಖಡಕ್ ರೊಟ್ಟಿ, ಎಲ್ಲವನ್ನೂ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಮದುವೆಯಾಗಿ ಅಥಣಿಯಿಂದ ನಾಸಿಕಕ್ಕೆ ಬಂದ ಮೊದಲ ವಾರ, ನಾನು ಹೆಪ್ಪು ಹಾಕಿದ ಮೊಸರನ್ನು ಅವರು ಮೂಸಿ ನೋಡಿದ್ದನ್ನು ಕಂಡು ಅಡಿಗೆಮನೆಯಲ್ಲಿ ಅತ್ತಿದ್ದೆ. ಅತ್ತೆ ತೀರಿಕೊಂಡಿದ್ದರು. ನನ್ನ ಗಂಡನಿಗೆ ಛತ್ರಪತಿ ಸಂಭಾಜಿನಗರದಲ್ಲಿ ಬ್ಯಾಂಕಿನ ಕೆಲಸ, ಬರುವುದು ಭಾನುವಾರ ಮಾತ್ರ. ಉಳಿದ ಆರು ದಿನ ಆ ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನನ್ನು ನಂಬದ ಒಬ್ಬ ಮುದುಕ.

ಸಾತಪುರದ ಒಂದು ಕಾರ್ಖಾನೆಯಲ್ಲಿ ಫೈಬರ್ ನೀರಿನ ಟಾಕಿ ಮಾಡುತ್ತ ಅವರು ಆಯುಷ್ಯ ಕಳೆದಿದ್ದರು. ನಿವೃತ್ತರಾದ ಮೇಲೆ ನೆರೆಮನೆಯ ಸಾಠೆಯವರು ತಮ್ಮ ಹಳೆಯ ಹಾಯಿದೋಣಿಯನ್ನು ರಿಪೇರಿಗೆ ಕೊಟ್ಟರು. ಅದೂ ಫೈಬರಿನದೇ. ವರ್ಷಗಟ್ಟಲೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಕಟ್ಟಿಹಾಕಿದ್ದರಿಂದ ತಳದ ತುಂಬ ಗುಳ್ಳೆ ಎದ್ದಿದ್ದವು, ಸುಟ್ಟ ಚರ್ಮದ ಮೇಲೆ ಏಳುವ ಹಾಗೆ. ಮಾವನವರು ಗುಳ್ಳೆಗಳನ್ನೆಲ್ಲ ಕೆರೆದು, ಮೇ ತಿಂಗಳ ಬಿಸಿಲಿಗೆ ಹದಿನೈದು ದಿನ ಒಣಗಿಸಿ, ಕುಳಿಗಳಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದುಕೊಟ್ಟರು. ಈ ಊರಲ್ಲಿ ಅಷ್ಟು ದಿನದಲ್ಲಿ ದ್ರಾಕ್ಷಿ ಒಣದ್ರಾಕ್ಷಿಯಾಗುತ್ತದೆ, ದೋಣಿ ಒಣಗದೆ ಏನು ಮಾಡೀತು ಎಂಬುದು ಅವರ ಲೆಕ್ಕ. ಮರುವರ್ಷ ನೀರಿನಿಂದ ಎತ್ತಿದಾಗ ಮೊದಲಿಗಿಂತ ಹೆಚ್ಚು ಗುಳ್ಳೆ. ಟಾಕಿ ಮಾಡುವವರು ಟಾಕಿಯನ್ನೇ ಮಾಡಬೇಕು ಎಂದು ಸಾಠೆಯವರು ಓಣಿಯಲ್ಲಿ ಯಾರಿಗೋ ಹೇಳಿದರಂತೆ. ಅದು ಮಾವನವರ ಕಿವಿಗೆ ಬಿತ್ತು. ಇನ್ನೊಮ್ಮೆ ಮಾಡಿಕೊಡುತ್ತೇನೆ, ಈ ಸಲ ಒಂದೇ ಒಂದು ಗುಳ್ಳೆ ಎದ್ದರೂ ನನ್ನ ಕೈ ಕೆಟ್ಟದ್ದು ಎನ್ನಿರಿ ಎಂದು ಹೇಳಿ, ದೋಣಿಯನ್ನು ನಮ್ಮ ಮನೆ ಪಕ್ಕದ ಖಾಲಿ ಜಾಗಕ್ಕೆ ಎಳೆಸಿಕೊಂಡು ಬಂದರು.

ನಾನು ಮನೆಗೆ ಬಂದದ್ದು ಆಗಲೇ. ಅವರು ದಿನವೆಲ್ಲ ದೋಣಿಯ ಕೆಳಗೆ ಅಂಗಾತ ಮಲಗಿ ತಟ್ಟುವುದು, ಸದ್ದು ಮಂದವಾಗಿ ಬಂದಲ್ಲಿ ಗುರುತು ಹಾಕಿ ಕೆರೆಯುವುದು. ಒಡೆದ ಗುಳ್ಳೆಯಿಂದ ಅಂಟಂಟಾದ ನೀರು ಬರುತ್ತಿತ್ತು. ಒಂದು ದಿನ ನನ್ನನ್ನು ಕರೆದು, ಆ ನೀರು ಹತ್ತಿದ ಬೆರಳನ್ನು ಮುಂದೆ ಹಿಡಿದು ಮೂಸಲು ಹೇಳಿದರು. ಹಳೆಯ ಉಪ್ಪಿನಕಾಯಿಯ ಹಾಗೆ ಹುಳಿ ವಾಸನೆ ಎಂದೆ.

"ಹೌದಲ್ಲಾ? ನನಗ ಗೊತ್ತಾಗೂದಿಲ್ಲವಾ. ಟಾಕಿ ಕೆಲಸದಾಗ ಮೂಗು ಹೋಗಿ ಹತ್ತು ವರ್ಷಾತು."

"ಮತ್ತ ಮೊಸರು ಮೂಸಿದ್ರಿ?"

"ಹೊಸ ಸೊಸಿ. ಮೂಗು ಐತಿ ಅಂತ ತಿಳಕೊಂಡಿರಲಿ ಅಂತ."

ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅಂದಿನಿಂದ ಆ ದೋಣಿಗೆ ನಾನು ಮೂಗಾದೆ. ಬಿಸಿಲಿಗೆ ನೀರು ಆರುತ್ತದೆ, ಆ ಹುಳಿ ಆರುವುದಿಲ್ಲ, ಒಳಗೇ ಕೂತು ಮತ್ತೆ ನೀರು ಎಳೆಯುತ್ತದೆ. ಅದಕ್ಕೇ ಒಣಗಿಸಬೇಕೆಂದರೆ ಮೊದಲು ತೊಳೆಯಬೇಕು ಎಂದು ಅವರು ಹೇಳುತ್ತಿದ್ದರು. ತೊಳೆಯುವುದು, ಆರಿಸುವುದು, ನಾನು ಮೂಸುವುದು, ಮತ್ತೆ ತೊಳೆಯುವುದು. ಹೀಗೇ ತಿಂಗಳುಗಳು ಹೋದವು.

ವಾಸನೆ ನಿಂತ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಚೂರುಗಳನ್ನು ತಳಕ್ಕೆ ಇಟ್ಟು ನಾಲ್ಕೂ ಬದಿಗೆ ಟೇಪು ಹಚ್ಚಿದರು. ಒಳಗೆ ತೇವವಿದ್ದರೆ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಬೆವರೊಡೆಯುತ್ತದೆ. ಒಡೆಯುತ್ತಲೇ ಇತ್ತು. ಸಾಠೆಯವರು ದಿನಾ ಬಂದು ನೋಡಿ, ಬೇಕೆಂದೇ ತಡಮಾಡುತ್ತಿದ್ದಾರೆ ಎಂದು ಗೊಣಗುತ್ತಿದ್ದರು. ತಾವಿಲ್ಲದಾಗ ಅವರು ಬಣ್ಣ ಹೊಡೆಸಿಬಿಟ್ಟಾರು ಎಂಬ ಗುಮಾನಿ ಮಾವನವರಿಗೆ. ಯಾರಾದರೂ ಟೇಪು ಬಿಚ್ಚಿದರೆ ತಿಳಿಯಲೆಂದು ಟೇಪಿನಿಂದ ದೋಣಿಯ ಮೈಮೇಲಕ್ಕೆ ಹಾಯುವಂತೆ ಸಣ್ಣ ಪೆನ್ಸಿಲ್ ಗೆರೆ ಎಳೆದಿಟ್ಟರು.

ಒಂದು ಬೆಳಿಗ್ಗೆ ಒಂದು ಚೂರಿನ ಟೇಪಿನ ಗೆರೆ ದೋಣಿಯ ಮೈಮೇಲಿನ ಗೆರೆಗೆ ಕೂಡಿರಲಿಲ್ಲ. ಒಳಗೆ ಹನಿಯೂ ಇರಲಿಲ್ಲ. ಇದು ಸಾಠೆಯವರದೇ ಕೆಲಸ ಎಂದುಕೊಂಡು ಮಾವನವರು ಅವರ ಜೊತೆ ಮಾತು ಬಿಟ್ಟರು. ಅವರು ಚಹಾಕ್ಕೆ ಬಂದರೆ ಇವರು ಎದ್ದು ಹೊರಗೆ ಹೋಗುತ್ತಿದ್ದರು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಊಟಕ್ಕೆ ಬಡಿಸುವಾಗ, ಬಿಚ್ಚಿದವಳು ನಾನೇ ಎಂದೆ. ಒಳಗೆ ಬೆವರು ಕಂಡಿತ್ತು. ನೋಯುವ ಮಂಡಿಯಲ್ಲಿ ಅವರು ಮತ್ತೆ ಕೂತು ತೊಳೆಯುವುದನ್ನು ನೋಡಲಾಗದೆ ಸೆರಗಿನಿಂದ ಒರೆಸಿ ಟೇಪು ಹಚ್ಚಿದ್ದೆ.

ಅವರು ತುತ್ತು ಕೆಳಗಿಟ್ಟರು. "ಒರಿಸಿದ್ರ ತೇವ ಹೋಗೂದಿಲ್ಲ ಸುಮಾ. ನಮಗ ಕಾಣೂದಿಲ್ಲ ಅಷ್ಟ."

ಬೈಯಲಿಲ್ಲ. ಊಟ ಮುಗಿಸಿ ಸಾಠೆಯವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದರು. ಯಾವ ತಪ್ಪು ಎಂದು ಅವರು ಕೇಳಿದರೂ ನನ್ನ ಹೆಸರು ಹೇಳಲಿಲ್ಲವಂತೆ. ಮರುದಿನ ಗೆರೆ ಎಳೆಯುವ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು.

ಈ ಚಳಿಗಾಲದಲ್ಲಿ ಮಾವನವರು ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಹೋಗುವ ಮುಂಚಿನ ದಿನ ನಾವಿಬ್ಬರೂ ನಾಲ್ಕು ಚೂರು ಅಂಟಿಸಿದ್ದೆವು. ಹದಿಮೂರು ದಿನದ ಕಾರ್ಯವೆಲ್ಲ ಮುಗಿದ ಮೇಲೆ ಸಾಠೆಯವರು ಬಂದು ದೋಣಿಯ ಹತ್ತಿರ ನಿಂತರು. ನಾನು ಹೋಗಿ ಬಗ್ಗಿ ನೋಡಿದೆ. ನಾಲ್ಕೂ ಗೆರೆ ಕೂಡಿಕೊಂಡೇ ಇದ್ದವು. ಒಂದೊಂದೇ ಬಿಚ್ಚಿದೆ. ಒಳಗೆ ಒಣಗಿತ್ತು. ಬೆರಳಾಡಿಸಿದೆ, ಮೂಸಿದೆ, ಗೆಣ್ಣಿನಿಂದ ಎರಡು ಸಲ ತಟ್ಟಿ ಕೇಳಿದೆ.

"ಕೋರಡ ಆಹೆ ನಾ?" ಒಣಗಿದೆಯಲ್ಲವೇ ಎಂದು ಸಾಠೆಯವರು ಮೆಲ್ಲಗೆ ಕೇಳಿದರು.

ಹೌದು ಎನ್ನಬಹುದಿತ್ತು, ಆದರೆ ಮಾವನವರು ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ನಾನು ಒಳಗೆ ಹೋಗಿ ಪ್ಲಾಸ್ಟಿಕ್ ಕತ್ತರಿಸಿಕೊಂಡು ಬಂದೆ. ಸಾಠೆಯವರು ಟೇಪು ಹಿಡಿದುಕೊಟ್ಟರು. ಅದೇ ಜಾಗದಲ್ಲಿ ಅಂಟಿಸಿ ಗೆರೆ ಎಳೆದೆ. ಪೆನ್ಸಿಲ್ ಮೊಂಡಾಗಿತ್ತು, ಗೆರೆ ದಪ್ಪ ಬಂತು.