ಹೊಂಗೆ ಮರದ ಬುಡದ ಉಸಿರು

ಬೆಂಗಳೂರಿನ ಅತ್ತಿಗುಪ್ಪೆಗೆ ಬಂದ ಮೊದಲ ದಿನ ಕಾಲಿಡಲು ಮಣ್ಣು ಹುಡುಕಿದೆ, ಸಿಗಲಿಲ್ಲ. ಬಾಗಿಲು ದಾಟಿದರೆ ಸಿಮೆಂಟು, ಅದನ್ನು ದಾಟಿದರೆ ಡಾಂಬರು. ವಿಜಯಪುರದ ಕಡೆಯ ನಮ್ಮ ಎರೆ ಹೊಲದಲ್ಲಿ ಮಳೆ ಬಿದ್ದರೆ ಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಇಲ್ಲಿ ಇಡೀ ಬೀದಿಗೆ ಇದ್ದದ್ದು ನಾನು ಬಾಡಿಗೆಗಿದ್ದ ಮನೆ ಮುಂದಿನ ಹೊಂಗೆ ಮರದ ಬುಡದಲ್ಲಿ ಒಂದು ಮೊರದಗಲ ಮಣ್ಣು. ಮನೆಯೊಡತಿ ರತ್ನಮ್ಮ, ಇಲ್ಲಿಯವರ ಮಾತಿನಲ್ಲಿ ‘ಓನರ್ ಆಂಟಿ’, ನನಗೆ ಮಹಡಿಯ ಕೋಣೆ ಕೊಟ್ಟರು. ಅವರು ಬಡಿಸಿದ ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿದು ಮೊದಲ ದಿನವೇ ನಗೆಪಾಟಲಾದೆ.

ನನ್ನ ಕೆಲಸ ಕೇಳಿ ನೀವೂ ನಗಬೇಡಿ: ಮಣ್ಣಿನ ಉಸಿರು ಅಳೆಯುವುದು. ಘಟ್ಟದ ಕಾಡುಗಳು ಎಷ್ಟು ಇಂಗಾಲ ಕೂಡಿಟ್ಟುಕೊಂಡಿವೆ, ಅಲ್ಲಿನ ಮಣ್ಣು ಎಷ್ಟು ಅನಿಲ ಬಿಡುತ್ತಿದೆ ಎಂದು ನಮ್ಮ ಕೆಂಗೇರಿಯ ಕಚೇರಿ ನಕ್ಷೆ ಮಾಡುತ್ತದೆ. ನೆಲಕ್ಕೆ ಬಳೆಯಂಥ ಕೊಳವೆ ತುಂಡು ಊರಿ, ಮೇಲೆ ಡಬ್ಬಿ ಬೋರಲು ಹಾಕಿದರೆ ಒಳಗೆ ಸೇರಿದ ಅನಿಲ ಎಷ್ಟೆಂದು ಯಂತ್ರ ಹೇಳುತ್ತದೆ. ನಮ್ಮ ಹಿರಿಯರು ಮಂಜುನಾಥ ಸಾರ್ ಷರತ್ತು ಹಾಕಿದರು: “ಒಂದ್ ವಾರ ಮನೆ ಹತ್ರಾನೇ ಅಳೆದು ತೋರ್ಸಮ್ಮ. ಸರಿ ಬಂದ್ರೆ ಕಾಡು, ಇಲ್ದಿದ್ರೆ ಕಂಪ್ಯೂಟರ್ ಮುಂದೆ.” ಮಳೆಕಾಡನ್ನು ಕಣ್ಣಾರೆ ಕಾಣದ ನನಗೆ ಕಾಡೇ ಬೇಕಿತ್ತು.

ಹೊಂಗೆಯ ಬುಡದಲ್ಲಿ ಬಳೆ ಊರಿ ದಿನಾ ಎರಡು ಹೊತ್ತು ಅಳೆಯುತ್ತ ಕೂತೆ. ಸಂಜೆಯ ಅಂಕಿ ಸರಿ, ಬೆಳಗಿನದು ಮಾತ್ರ ಎದ್ದು ಕುಣಿಯುತ್ತಿತ್ತು. ಮಣ್ಣು ಒದ್ದೆಯಿದ್ದದ್ದು ಕಂಡಿದ್ದೆ. ರಂಗೋಲಿಗೆ ಚೆಲ್ಲಿದ ನೀರಿರಬೇಕೆಂದು ಸುಮ್ಮನಾದೆ. ನನ್ನ ಉಸಿರೇ ತಾಗಿತೇನೋ ಎಂದು ಮೂಗಿಗೆ ದುಪಟ್ಟಾ ಕಟ್ಟಿದೆ. ಬೀದಿಯವರು ನಕ್ಕರು, ಅಂಕಿ ಇಳಿಯಲಿಲ್ಲ. ಐದನೆಯ ದಿನ ಅಳುವೇ ಬಂತು. ಬೆಳಗಿನ ಅಂಕಿಗಳನ್ನೆಲ್ಲ ಅಳಿಸಿಬಿಡೋಣ ಎಂದೂ ಅನ್ನಿಸಿತು.

ಆರನೆಯ ದಿನ ಬೇಗ ಇಳಿದು ಬಂದೆ. ಆಂಟಿ ಪಾತ್ರೆಯಿಂದ ಬೆಳ್ಳನೆಯ ನೀರನ್ನು ನನ್ನ ಬಳೆಯೊಳಗೇ ಸುರಿಯುತ್ತಿದ್ದರು.

“ಏನ್ರೀ ಆಂಟಿ ಇದು?”

“ಅಕ್ಕಿ ತೊಳೆದ ನೀರು ಕಣಮ್ಮ. ನಮ್ಮತ್ತೆ ಕಾಲದಿಂದ ಹಾಕ್ತಾ ಇದೀವಿ. ಮರಕ್ಕೂ ಹೊಟ್ಟೆ ಇರಲ್ವಾ?”

ಡಬ್ಬಿ ಬೋರಲು ಹಾಕಿ ಆಂಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳು ಉಂಡು ಉಸಿರುಬಿಡುತ್ತಿದ್ದವು. ಅಂಕಿ ಏರುತ್ತಲೇ ಹೋಯಿತು. ಮೊರದಗಲ ಮಣ್ಣಿನಲ್ಲಿ ಇಷ್ಟೊಂದು ಜೀವ! “ಅಯ್ಯೋ, ಉಸಿರಾಡ್ತಾ ಇದೆ ಕಣೇ!” ಎಂದು ಆಂಟಿ ಪಾತ್ರೆ ಕೆಳಗಿಟ್ಟು ಕೈ ಮುಗಿದರು.

ಯಾವ ಅಂಕಿಯನ್ನೂ ಅಳಿಸಲಿಲ್ಲ. ‘ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರು’ ಎಂದು ಪಕ್ಕದಲ್ಲಿ ಬರೆದುಕೊಟ್ಟೆ. ಸಾರ್ ಎರಡು ಸಲ ಓದಿದರು. “ಬ್ಯಾಗ್ ರೆಡಿ ಮಾಡ್ಕೊಳಮ್ಮ” ಎಂದರು.

ಕಾಡಿನಲ್ಲಿ ಮೊದಲ ಬಳೆ ಊರುವ ಮುನ್ನ ತರಗೆಲೆ ಸರಿಸಿ ಅಂಗೈ ಇಟ್ಟೆ. ಮೇಲೆ ಆಕಾಶ ಕಾಣದಷ್ಟು ಮರ. ಅವುಗಳಿಗಿಂತ ಮುಂಚಿನ ಮರಗಳೆಲ್ಲ ಮಣ್ಣಾಗಿ ನನ್ನ ಕೈ ಕೆಳಗೆ.

ಸಂಜೆ ಬಿಡಾರಕ್ಕೆ ಬಂದಾಗ ಊರಿನಿಂದ ಅವ್ವ ಫೋನ್ ಮಾಡಿದಳು. “ಮಣ್ಣ ಹೆಂಗೈತಿ ಅಲ್ಲಿ? ನಮ್ಮ ಹೊಲ ನೆನಪಾತೇನು?”

“ಆತವ್ವಾ” ಎಂದೆ.

ಅವ್ವನಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ನೆನಪಾದದ್ದು ಅತ್ತಿಗುಪ್ಪೆಯ ಆ ಮೊರದಗಲ ಮಣ್ಣು.