ದೀಪದ ಹೊತ್ತಿನ ನಿದ್ದೆ

ನಮ್ಮ ಮನೆಯ ದಿಂಬು ಬೂರುಗದ ಹತ್ತಿಯದು. ತಲೆಯಿಟ್ಟರೆ ಸಾಕು, ನಿದ್ದೆ ತಾನಾಗಿ ಬರುತ್ತದೆಂದು ನನ್ನ ಹೆಂಡತಿ ಗಿರಿಜಳ ತಾಯಿ ಮದುವೆಯಲ್ಲಿ ಕೊಟ್ಟಿದ್ದರು. ಈ ವರ್ಷ ಆ ತಾಯಿಯೇ ತೀರಿಕೊಂಡರು. ಅಂದಿನಿಂದ ಗಿರಿಜಳಿಗೆ ದಿಂಬು ಇದೆ, ನಿದ್ದೆ ಇಲ್ಲ.

ನಿದ್ದೆಗೆಟ್ಟವರು ಸ್ವಲ್ಪ ಸಿಡುಕುತ್ತಾರೆ, ಅಷ್ಟೇ ತಾನೆ ಎಂದು ನೀವೂ ನನ್ನಂತೆ ತಿಳಿದಿರಬಹುದು. ಗಿರಿಜ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಒಲೆಯ ಮುಂದೆ ನಿಂತು ಅಳತೊಡಗಿದಳು. ಒಂದು ದಿನ, "ಬದುಕೋದೇ ಬ್ಯಾಡ ಅನ್ನಿಸ್ತೈತೆ ಕಣ್ರೀ" ಎಂದಳು. ಮರುದಿನವೇ ಚಿತ್ರದುರ್ಗಕ್ಕೆ ಕರೆದೊಯ್ದೆ. ಮನೋವೈದ್ಯೆ ಮಾತ್ರೆ ಬರೆದುಕೊಟ್ಟು, "ವಾರ ವಾರ ತಪ್ಪದಂಗೆ ಕರ್ಕಂಡು ಬರ್ರಿ. ನಿದ್ದೆ ಯಾವಾಗ ಬಂದ್ರೂ ಸದ್ಯಕ್ಕೆ ಎಬ್ಬಿಸಬ್ಯಾಡ್ರಿ" ಎಂದರು.

ಸುದ್ದಿ ತಿಳಿದದ್ದೇ ತಡ, ಹಿರಿಯೂರಿನ ನಮ್ಮ ಬಂಧುಬಳಗವೆಲ್ಲ ಅವಳ ನಿದ್ದೆಗಾಗಿ ಎದ್ದು ಕುಳಿತಿತು. ಒಬ್ಬರು ನೆತ್ತಿಗೆ ಹರಳೆಣ್ಣೆ ತಟ್ಟಿದರು, ಇನ್ನೊಬ್ಬರು ಗಸಗಸೆ ಪಾಯಸ ಕಳಿಸಿದರು. ಬಬ್ಬೂರಿನ ನನ್ನ ಅಕ್ಕ ಬೆಳಕು ಹರಿಯುವ ಮುಂಚೆಯೇ ಫೋನ್ ಮಾಡಿ, "ನಿದ್ದೆ ಬಂತೇನವ್ವ?" ಎಂದು ಕೇಳುತ್ತಿದ್ದಳು, ಆಗತಾನೆ ಬಂದಿದ್ದ ನಿದ್ದೆ ಆ ಸದ್ದಿಗೇ ಎದ್ದುಹೋಗುತ್ತಿತ್ತು. ದುರ್ಗಕ್ಕೆ ಹೋಗುವ ದಾರಿಯಲ್ಲಿ, ಐಮಂಗಲದ ಬಳಿ, ಹೆದ್ದಾರಿಯ ಅಬ್ಬರದ ಪಕ್ಕದಲ್ಲೇ ಲಾರಿಯ ನೆರಳಿನಲ್ಲಿ ಗೊರಕೆ ಹೊಡೆಯುವವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಪುಣ್ಯವಂತರು, ಅವರ ಬಂಧುಗಳೆಲ್ಲ ದೂರದಲ್ಲಿದ್ದರು.

ನಮ್ಮಮ್ಮನದು ಬೇರೆಯೇ ಕಾನೂನು. ಮುಸ್ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಲಗಿರಬಾರದು. ಬಾಗಿಲು ತೆರೆದಿಟ್ಟು ಲಕ್ಷ್ಮಿಗಾಗಿ ಕಾಯಬೇಕು. ಜ್ವರ ಬಂದವರನ್ನೂ ಆಕೆ ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದ್ದುಂಟು. ಗಿರಿಜಳಿಗೋ, ಮಾತ್ರೆ ಶುರುವಾದ ಮೇಲೆ ಕಣ್ಣು ಎಳೆಯುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ವೈದ್ಯೆಯ ಮಾತನ್ನು ಅಮ್ಮನಿಗೆ ತಿಳಿಸಿದೆ. "ಯಾಕಪ್ಪ, ಅವ್ರ ಮನ್ಯಾಗೆ ದೀಪ ಹಚ್ಚಲ್ವಂತಾ?" ಎಂದಳು. ದಿನವೂ ಅಮ್ಮ ಎಬ್ಬಿಸುವಳು, ಗಿರಿಜ ಏಳುವಳು. ಲಕ್ಷ್ಮಿ ಬಂದಳೋ ಇಲ್ಲವೋ, ನಿದ್ದೆಯಂತೂ ಹೊರಟುಹೋಗುವುದು.

ಮೊನ್ನೆ ಹಾಗೆ ಎಬ್ಬಿಸಿದಾಗ ಗಿರಿಜ ಸಿಡುಕಲಿಲ್ಲ. "ಅತ್ತೆ, ಕನಸಲ್ಲಿ ನಮ್ಮವ್ವ ತಲೆ ಸವರ್ತಿದ್ಲು. ಮುಖ ನೋಡಾಣ ಅನ್ನೋಷ್ಟ್ರಲ್ಲಿ ಎಬ್ಬಿಸಿಬಿಟ್ರಿ" ಎಂದಳು, ಅಷ್ಟೇ. ಅಮ್ಮ ಅಡುಗೆಮನೆಗೆ ಹೋದಳು.

ನಿನ್ನೆ ಸಂಜೆ ಗಿರಿಜ ನಡುಮನೆಯ ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಅಮ್ಮ ದೀಪ ಹಚ್ಚಿ ಅವಳತ್ತ ತಿರುಗಿದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, "ಅಯ್ಯೋ ದೊಡ್ಡಮ್ಮ, ದೀಪದ ಹೊತ್ನಾಗೆ ಸೊಸೆ ಮಲಗ್ಯಾಳಲ್ಲ! ಲಕ್ಷ್ಮಿ ಬರೋ ಹೊತ್ತು, ಎಬ್ಬಿಸ್ರಿ" ಎಂದಳು.

ಅಮ್ಮ ಗಿರಿಜಳ ತಲೆಯ ಬಳಿ ಕುಳಿತು ಮೆಲ್ಲಗೆ ಕೂದಲು ಸವರತೊಡಗಿದಳು.

"ಲಕ್ಷ್ಮಿ ಆಗ್ಲೇ ಬಂದು ಮಲಗ್ಯಾಳೆ. ನೀನು ಬಾಗ್ಲು ಎಳ್ಕಂಡು ಹೋಗು."