ಕೆಂಪು ಚುಕ್ಕಿಯ ಕಾವಲುಗಾರ್ತಿ

ಬಾಗಲಕೋಟೆಯ ನವನಗರದಲ್ಲಿ ಇನ್ನೂ ಬೀದಿದೀಪ ಆರಿಲ್ಲ. ಎಟಿಎಂಗಳಿಗೆ ನಗದು ಒಯ್ಯುವ ವ್ಯಾನಿನ ಪಕ್ಕ ನಿಂತ ಮಹಾದೇವಿ ತಮ್ಮ ಪಿಸ್ತೂಲಿನ ಗುಂಡುಗಳನ್ನು ತೆಗೆದು, ಒಳಗೆ ಏನೂ ಉಳಿದಿಲ್ಲವೆಂದು ಬೆರಳಾಡಿಸಿ ನೋಡುತ್ತಾರೆ. ಆಮೇಲೆ ಅದರ ನೆತ್ತಿಯ ಮೇಲೆ ಕೂತ ಪುಟ್ಟ ಡಬ್ಬಿಯ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಖಾಲಿ ಗೋಡೆಯತ್ತ ಹಿಡಿಯುತ್ತಾರೆ. ಗಾಜಿನೊಳಗೆ ಒಂದು ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಈ ‘ರೆಡ್ ಡಾಟ್’ ಗುರಿಗಾಜು ಸರಿ ಇದ್ದರೆ ಮಾತ್ರ ಅವರು ವ್ಯಾನು ಹತ್ತುವುದು.

“ಅಕ್ಕಾರು ಚುಕ್ಕಿ ನೋಡೂತನಕ ನಾ ಗಾಡಿ ಚಾಲೂ ಮಾಡೂದಿಲ್ರಿ” ಎಂದು ಚಾಲಕ ತಿಮ್ಮಣ್ಣ ನಗುತ್ತಾನೆ.

ಮಹಾದೇವಿಗೆ ಈಗ ನಲವತ್ತೇಳು. ಹುನಗುಂದದ ಬಳಿಯ ಹಳ್ಳಿಯ, ಬೀರಪ್ಪ ದೇವರಿಗೆ ನಡೆದುಕೊಳ್ಳುವ ಕುರಿಗಾರರ ಮನೆಯ ಮಗಳು. ಅರೆಸೇನಾ ಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು ಈಗ ಈ ವ್ಯಾನಿನ ಕಾವಲುಗಾರ್ತಿ. ಬಾಗಲಕೋಟೆ ಬಿಟ್ಟರೆ ಬಾದಾಮಿ, ಅಲ್ಲಿಂದ ಹುನಗುಂದ, ಇಳಕಲ್. ದಿನಾ ಇದೇ ದಾರಿ. ಬೇಸಿಗೆಯಲ್ಲಿ ವ್ಯಾನಿನ ತಗಡು ಮುಟ್ಟಿದರೆ ಕೈ ಸುಡುತ್ತದೆ. ಆದರೂ ನೀರು ಕುಡಿಯುವುದು ಗುಟುಕು ಗುಟುಕಾಗಿ. “ಗಂಡಸರು ಎಲ್ಲ್ಯರ ನಿಂದರ್ತಾರ. ನಾ ಎಲ್ಲಿ ಹೋಗ್ಲಿ?” ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಅವರ ಕಣ್ಣು ಕೈಕೊಟ್ಟಿತು. ದೂರದ್ದು ಸ್ಪಷ್ಟ, ಹತ್ತಿರದ್ದು ಮಂಜು. ಪಿಸ್ತೂಲಿನ ತುದಿಯ ಗುರಿಮೊನೆ ನೋಡಲು ಹೋದರೆ ಎದುರಿಗಿರುವವರು ಕಾಣರು. ಎದುರಿಗಿರುವವರನ್ನು ನೋಡಿದರೆ ಮೊನೆ ಕಾಣದು. ಕೆಲಸ ಬಿಡುವುದೆಂದೇ ತೀರ್ಮಾನಿಸಿದ್ದರು.

“ಗುರಿ ತಪ್ಪಿದ್ರ ಕಳ್ಳ ಓಡಿ ಹೋಗ್ತಾನ, ಹೋಗ್ಲಿ. ತಪ್ಪಿದ ಗುಂಡು ಎಲ್ಲಿ ಹೋಗ್ತೈತಿ? ಸಂತಿ ಮಾಡಾಕ ಬಂದ ಯಾವಾಕಿಗೋ ಬಡೀತೈತಿ. ಆ ಹೆದರಿಕಿಗೆ ನಿದ್ದಿ ಬರ್ತಿದ್ದಿಲ್ಲ.”

ಬಾಗಲಕೋಟೆಯಲ್ಲಿ ಪರವಾನಗಿ ಪಡೆದು ಬಂದೂಕು ರಿಪೇರಿ ಮಾಡುವ ನಬಿಸಾಬರು ಈ ಗಾಜಿನ ದಾರಿ ತೋರಿಸಿದರು. ಎರಡೂ ಕಣ್ಣು ತೆರೆದು ಎದುರಿನವರನ್ನೇ ನೋಡಬಹುದು. ಪಿಸ್ತೂಲು ಎತ್ತಿದರೆ ಗಾಜಿನೊಳಗಿನ ಚುಕ್ಕೆ ಅವರ ಮೇಲೆ ಕೂತಂತೆ ಕಾಣುತ್ತದೆ, ಅವರಿಗೆ ಮಾತ್ರ ಅದು ಕಾಣದು. ಮೊದಲು ತಂದ ಅಗ್ಗದ್ದು ಅಭ್ಯಾಸದ ಮೈದಾನದಲ್ಲೇ ಗುಂಡಿನ ಹೊಡೆತಕ್ಕೆ ಆರಿಹೋಯಿತು. ಎರಡನೆಯದು ಗಟ್ಟಿಯಾಗಿತ್ತು, ಆದರೆ ಹಿಂಬದಿ ತೆರೆದದ್ದು. ಇಳಕಲ್ಲಿನ ಕಲ್ಲುಕ್ವಾರಿಯ ಲಾರಿಗಳ ಹಿಂದೆ ವಾರ ಓಡಾಡುವಷ್ಟರಲ್ಲಿ ದೂಳು ಒಳಹೊಕ್ಕು ಚುಕ್ಕೆ ಮಸುಕಾಯಿತು.

“ಇರ್ಲಿ ಬಿಡ್ರಿ, ನೀವೇನು ದಿನಾ ಗುಂಡು ಹೊಡೀತೀರೇನು ಅಂತ ಜೊತಿಗಿದ್ದವ್ರು ನಕ್ಕರು. ಈಕಿ ಒಪ್ಪಲಿಲ್ಲ” ಎಂದು ನಬಿಸಾಬರು ನೆನೆಯುತ್ತಾರೆ. ಕಡೆಗೆ ಇಬ್ಬರೂ ಸೇರಿ ಆರಿಸಿದ್ದು ಎರಡೂ ಬದಿ ಗಾಜು ಮುಚ್ಚಿದ, ಬಿಚ್ಚದೆಯೇ ಸೆಲ್ ಬದಲಿಸಬಹುದಾದ ಗುರಿಗಾಜು. ಚುಕ್ಕೆ ಆರಿದರೂ ಅದರ ಕೆಳಗೆ ಹಳೆಯ ಗುರಿಮೊನೆ ಕಾಣುತ್ತದೆ. ತಿಂಗಳುಗಟ್ಟಲೆ ಮೈದಾನದಲ್ಲಿ ಪರೀಕ್ಷಿಸಿದ ಮೇಲೆಯೇ ಮಹಾದೇವಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡರು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಇಳಕಲ್ಲಿನ ನೇಕಾರರ ಬೀದಿಯ ಎಟಿಎಂ ಎದುರು ವ್ಯಾನಿನ ಬಾಗಿಲು ತೆರೆದಿತ್ತು. ಸಂದಿಯಿಂದ ಒಬ್ಬಾತ ಕೂಗುತ್ತ ನೇರ ಇತ್ತಲೇ ಓಡಿಬಂದ. ಕೈಯಲ್ಲಿ ಮೊನಚಾದದ್ದೇನೋ ಮಿಂಚಿತು. “ಅಕ್ಕಾ, ಚಾಕು!” ಎಂದು ತಿಮ್ಮಣ್ಣ ಚೀರಿದ.

ಬಾಗಿಲಿನ ಮರೆಯಲ್ಲಿದ್ದ ಮಹಾದೇವಿಯ ಪಿಸ್ತೂಲು ಮೇಲೆದ್ದಿತು. ಕೆಂಪು ಚುಕ್ಕೆ ಆತನ ಎದೆಯ ಮೇಲೆ ಕೂತಿತು.

“ಬೆರಳು ಟ್ರಿಗರ್ ಮ್ಯಾಲ ಇರಲಿಲ್ರಿ. ಕಣ್ಣು ಅವನ ಮ್ಯಾಲ ಇದ್ದುವು. ಮಾರಿ ಕಂಡ್ತು, ಅಳಾಕತ್ತಿದ್ದ. ಕೈ ಕಂಡ್ತು. ಅದು ಚಾಕು ಅಲ್ಲ, ಮಗ್ಗದ ಲಾಳಿ.”

ಆತ ನೇಕಾರ ರಾಚಪ್ಪ. ಮಗ್ಗದ ಪಕ್ಕದಲ್ಲೇ ತುಂಬು ಬಸುರಿ ಹೆಂಡತಿ ಸಿದ್ದವ್ವ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ನೂಲು ಹಾಯಿಸುವ, ಮೊನಚು ತುದಿಯ ಲಾಳಿಯನ್ನು ಕೈಯಿಂದ ಇಡುವುದನ್ನೂ ಮರೆತು ಗಾಡಿ ಹುಡುಕಿ ಓಡಿಬಂದಿದ್ದ. ಮಹಾದೇವಿ ಪಿಸ್ತೂಲು ಇಳಿಸಿದರು. ನಗದಿನ ವ್ಯಾನು ಬಿಟ್ಟು ಕದಲುವಂತಿಲ್ಲ. ನಿಂತಲ್ಲೇ ಕೈ ಅಡ್ಡಹಿಡಿದು ಎದುರಿಗೆ ಬಂದ ಆಟೋ ನಿಲ್ಲಿಸಿ, “ಮೊದಲ ಇವರನ್ನ ದವಾಖಾನಿಗೆ ಮುಟ್ಟಸು” ಎಂದು ಗದರಿದರು. ಆಟೋ ಮರೆಯಾದ ಮೇಲೆ ಮತ್ತೆ ವ್ಯಾನಿನ ಬಾಗಿಲ ಪಕ್ಕ ಕಾವಲಿಗೆ ನಿಂತರು.

ಸಿದ್ದವ್ವ ಉಳಿದಳು. ಹೆಣ್ಣುಮಗು ಹುಟ್ಟಿತು. ಅಂದು ಗಾಬರಿಯಲ್ಲಿ ಚಾಲಕನನ್ನಷ್ಟೇ ನೋಡಿದ್ದ ರಾಚಪ್ಪನಿಗೆ, ತನ್ನ ಎದೆಯ ಮೇಲೊಂದು ಚುಕ್ಕೆ ಕೂತಿದ್ದು ಇವತ್ತಿಗೂ ಗೊತ್ತಿಲ್ಲ. ಆಟೋ ನಿಲ್ಲಿಸಿಕೊಟ್ಟ ಅಕ್ಕ ಎಂದಷ್ಟೇ ಅವನಿಗೆ ಗುರುತು.

ಅವನಿಗೆ ಹೇಳುವುದಿಲ್ಲವೇ ಎಂದು ಕೇಳಿದರೆ ಮಹಾದೇವಿ ಗಾಜು ಒರೆಸುವ ಬಟ್ಟೆಯನ್ನು ಮಡಚಿ ಜೇಬಿಗಿಡುತ್ತಾರೆ.

“ಯಾಕ ಹೇಳ್ಬೇಕ್ರಿ? ನಮ್ಮ ಗಾಡಿ ಹೋದಾಗೆಲ್ಲ ಕೂಸಿನ್ನ ಎತ್ಕೊಂಡು ಬಾಗ್ಲಿಗೆ ಬರ್ತಾನ. ಅದರ ಕೈ ಹಿಡಿದು ನನಗ ಟಾಟಾ ಮಾಡಸ್ತಾನ. ನಾನೂ ಮಾಡ್ತೇನಿ.”